ಪಾಠ ಮುಗಿದ ಮೇಲಿನ ದನಿ

ಮೊನ್ನೆ ತೀರ್ಥಹಳ್ಳಿಗೆ ಒಂದು ಗೃಹಪ್ರವೇಶಕ್ಕೆ ಹೊರಟಿದ್ದೆವು. ಸಾಗರದಿಂದ ಹೋದ ಬಸ್ಸು ಹೊಸನಗರದ ಸ್ಟ್ಯಾಂಡಿನಲ್ಲಿ ಸ್ವಲ್ಪ ಹೆಚ್ಚೇ ಹೊತ್ತು ನಿಂತಿತು. ಎಲ್ಲಿಂದಲೋ ಕೊತ್ತಂಬರಿ, ಜೀರಿಗೆ ಹುರಿಯುವ ವಾಸನೆ ಬಂತು. ಕಷಾಯದ ಪುಡಿಗೆ ಹುರಿಯುವಾಗ, ಇನ್ನೇನು ಸೀದೇ ಹೋಯಿತು ಅನ್ನುವ ಗಳಿಗೆಯಲ್ಲಿ ಏಳುತ್ತದಲ್ಲ, ಆ ವಾಸನೆ. ನನಗೆ ಗೊತ್ತಿಲ್ಲದೆಯೇ ಎದ್ದು, ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲ ಕಡೆ ಹೊರಟಿದ್ದೆ.

"ಎಲ್ಲಿಗೆ?" ಅಂದರು ನಮ್ಮವರು.

ಹೌದಲ್ಲ, ಎಲ್ಲಿಗೆ? ಇಲ್ಲಿ ಇಳಿಯಲಿಕ್ಕೆ ನನಗೆ ಈಗ ಮನೆಯಿಲ್ಲ. ಮತ್ತೆ ಬಂದು ಕೂತೆ. ಕಿಟಕಿಯಿಂದ ಹಿಂದಿನ ಓಣಿಯ ಜೆರಾಕ್ಸ್ ಅಂಗಡಿ ಕಾಣುತ್ತಿತ್ತು. ಅದರ ಮೇಲಿನ ಮನೆಯ ಕಿಟಕಿಗೆ ಯಾರೋ ಹೊಸ ಪರದೆ ಹಾಕಿದ್ದಾರೆ, ಗುಲಾಬಿ ಬಣ್ಣದ್ದು. ಕುಮುದಕ್ಕನಿಗೆ ಗುಲಾಬಿ ಬಣ್ಣ ಕಂಡರೆ ಆಗುತ್ತಿರಲಿಲ್ಲ.

ಕುಮುದಕ್ಕ ನಮ್ಮವರ ದೊಡ್ಡಕ್ಕ. ಅಲ್ಲಿಯ ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾಗಿ, ಆ ಮೇಲ್ಮನೆಯಲ್ಲಿ ಬಾಡಿಗೆಗಿದ್ದರು. ಮದುವೆಯಾಗಲಿಲ್ಲ. ಅವರ ಕೊನೆಕೊನೆಯ ವಿದ್ಯಾರ್ಥಿಗಳಲ್ಲಿ ರೇಣುಕ ಒಬ್ಬಳು. ತೀರ್ಥಹಳ್ಳಿಯವಳು, ಹುಟ್ಟಿದಾಗಿನಿಂದ ಕಣ್ಣು ಕಾಣದವಳು. ಉಳಿದವರೆಲ್ಲ ಮೇಡಂ ಅಂದರೆ ಇವಳೊಬ್ಬಳು ಅಕ್ಕ ಅನ್ನುತ್ತಿದ್ದಳಂತೆ. ಸ್ಟಾಫ್‌ರೂಮಿನ ಬಾಗಿಲಲ್ಲಿ ಪುಸ್ತಕ ಹಿಡಿದು ನಿಂತು, "ಒಂದು ಪುಟ ಓದಕ್ಕಾ, ಇನ್ನೊಂದೇ ಪುಟ ಓದಕ್ಕಾ" ಅಂತ ಗೋಗರೆಯುವುದು. ಓದಿ ಓದಿ ಗಂಟಲು ಬಿದ್ದುಹೋದ ಒಂದು ಚಳಿಗಾಲದಲ್ಲಿ ಕುಮುದಕ್ಕ ಲ್ಯಾಪ್‌ಟಾಪು ತೆಗೆದುಕೊಂಡು, ಕನ್ನಡ ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಸಾಫ್ಟ್‌ವೇರನ್ನು ತಾವೇ ಬರೆಯಲು ಕೂತರು. ಅದಕ್ಕೆ ಹೆಸರು ಹುಡುಕುವ ಕೆಲಸವೇ ಬೀಳಲಿಲ್ಲ. ಓದಕ್ಕ.

ಓದಕ್ಕನನ್ನು ಅವರು ಮಾರಲಿಲ್ಲ. ಓಪನ್ ಸೋರ್ಸ್ ಅನ್ನುತ್ತಾರೆ ಅದಕ್ಕೆ: ಕೋಡ್ ಅನ್ನುವ ಒಳಗಿನ ಬರಹವನ್ನೆಲ್ಲ ಇಂಟರ್ನೆಟ್ಟಿನಲ್ಲಿ ತೆರೆದಿಟ್ಟಿರುತ್ತಾರೆ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ತಪ್ಪು ಕಂಡರೆ ತಿದ್ದಿ ಕಳಿಸಬಹುದು. ಬಂದ ತಿದ್ದುಪಡಿಯನ್ನು ಸೇರಿಸುವುದೋ ಬಿಡುವುದೋ ಮನೆಯೊಡತಿಗೆ ಬಿಟ್ಟದ್ದು.

ನಾನು ಅದರೊಳಗೆ ಕಾಲಿಟ್ಟದ್ದು ಮುಂದೊಂದು ವರ್ಷ ದೀಪಾವಳಿ ಕಳೆದ ಮೇಲೆ. ಸಕ್ಕರೆ ಕಾಯಿಲೆ ಕುಮುದಕ್ಕನ ಕಣ್ಣಿಗೆ ಇಳಿದಿತ್ತು. ಅಕ್ಷರದ ನಡುವೆ ಇರುವೆ ಹರಿದಂತೆ ಕಾಣುತ್ತದೆ ಅನ್ನುತ್ತಿದ್ದರು. ಪರದೆಯ ಮೇಲಿನದನ್ನು ಓದಿ ಹೇಳಲು, ಬಂದ ಇಂಗ್ಲಿಷ್ ಈಮೇಲುಗಳಿಗೆ ಉತ್ತರ ಬರೆಯಲು ಒಬ್ಬರು ಬೇಕಿತ್ತು. "ನಿಮ್ಮನೇಲಿ ಕಾನ್ವೆಂಟ್ ಇಂಗ್ಲಿಷ್ ಸುಮ್ನೆ ತುಕ್ಕು ಹಿಡೀತಿದೆಯಲ್ಲ, ಕಳ್ಸು" ಅಂದರಂತೆ ತಮ್ಮನಿಗೆ. ವಾರದಲ್ಲಿ ಕೆಲವು ದಿನ ಬೆಳಗಿನ ಬಸ್ಸು ಹಿಡಿಯುತ್ತಿದ್ದೆ. ಸಾಗರದ ಸ್ಟ್ಯಾಂಡಿನಲ್ಲಿ ವರದಹಳ್ಳಿಗೆ ಹೋಗುವವರ ಗದ್ದಲ ದಾಟಿ ಹತ್ತಿದರೆ, ಬಟ್ಟೆಮಲ್ಲಪ್ಪ ಬರುವವರೆಗೂ ಮಂಜು. ಡ್ರೈವರು ಹೆಡ್‌ಲೈಟ್ ಹಾಕಿಕೊಂಡೇ ಹೋಗುತ್ತಿದ್ದ. ಮೇಲ್ಮನೆಯ ಮೆಟ್ಟಿಲಲ್ಲಿ ಕೆಳಗಿನ ಜೆರಾಕ್ಸಿನ ಬಿಸಿ ಕಾಗದದ ವಾಸನೆ, ಬಾಗಿಲು ತೆಗೆದರೆ ಕಷಾಯದ್ದು.

ಆ ವರ್ಷಕ್ಕೆ ಒಂದು ಗುರಿ ಇತ್ತು. ತೀರ್ಥಹಳ್ಳಿಯಲ್ಲಿ ಕಣ್ಣು ಕಾಣದ ಮಕ್ಕಳಿಗೆ ಕಂಪ್ಯೂಟರಿನ ಮೇಲೆ ಓದು ಕಲಿಸುವ ಒಂದು ಕೇಂದ್ರವಿತ್ತು. ರೇಣುಕ ಅಲ್ಲಿ ಕೂತು ಟೀಚರ್ ಕೆಲಸದ ಪರೀಕ್ಷೆಗೆ ತಯಾರಾಗುತ್ತಿದ್ದಳು. ಅಲ್ಲಿಯ ಮೇಲ್ವಿಚಾರಕರ ಬೆನ್ನು ಹತ್ತಿ, "ನಮ್ಮ ಅಕ್ಕಂದು ಒಂದ್ಸಲ ಕೇಳಿ ನೋಡಿ ಸಾರ್" ಅಂತ ಕಾಡಿ, ಅವರನ್ನು ಒಪ್ಪಿಸಿದ್ದಳು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಬಂದು ತೋರಿಸಿ. ಸರಿಬಂದರೆ ಎಲ್ಲ ಕಂಪ್ಯೂಟರಿಗೂ ಓದಕ್ಕನನ್ನೇ ಹಾಕುತ್ತೇವೆ ಅಂದಿದ್ದರು. ಓದಕ್ಕನಿಗೆ ಇನ್ನೂ ಒತ್ತಕ್ಷರ ಬಂದರೆ ತೊದಲು. ಅದೊಂದು ಸರಿಹೋದರೆ ಆಯಿತು ಅಂತ ಕುಮುದಕ್ಕ ಸರಿಯಾಗಿ ಕಾಣದ ಕಣ್ಣನ್ನು ಪರದೆಗೆ ಒತ್ತಿ ಕೂತಿರುತ್ತಿದ್ದರು.

ಆದರೆ ನಮ್ಮ ಬೆಳಗುಗಳು ಹೋಗುತ್ತಿದ್ದದ್ದು ಬೇರೆ ಕೆಲಸಕ್ಕೆ, ಬಾಗಿಲಿಗೆ ಬಂದವರನ್ನು ಸಾಗಹಾಕುವುದಕ್ಕೆ.

ಅದಕ್ಕೆ ಕಾರಣ ಕುಮುದಕ್ಕ ಬರೆಸಿದ ಒಂದು ಲಗ್ನಪತ್ರಿಕೆ. ನಮ್ಮ ಕಡೆ ಪತ್ರಿಕೆಯ ಕೆಳಗೆ ಆಗಮನಾಭಿಲಾಷಿಗಳು ಅಂತ ಊರೆಲ್ಲ ಹೆಸರು ಹಾಕುತ್ತಾರಲ್ಲ, ಒಂದು ಹೆಸರು ಬಿಟ್ಟುಹೋದರೆ ಮುಗಿಯಿತು. ನಮ್ಮ ಮದುವೆಯ ಪತ್ರಿಕೆಯಲ್ಲಿ ಒಬ್ಬ ಚಿಕ್ಕಪ್ಪನ ಹೆಸರು ಬಿಟ್ಟುಹೋಗಿ ಅವರು ಇವತ್ತಿಗೂ ನಮ್ಮ ಹೊಸ್ತಿಲು ತುಳಿದಿಲ್ಲ. ಆ ಪತ್ರಿಕೆ ಬರೆಸಿದ್ದು ಕುಮುದಕ್ಕನೇ. ಹಾಗಾಗಿ ಓದಕ್ಕನ ಪುಟದಲ್ಲಿ ಸಹಾಯ ಮಾಡಿದವರದ್ದೊಂದು ಪಟ್ಟಿ ಮಾಡಿ, ಒಂದು ಚುಕ್ಕಿ ತಿದ್ದಿದವರ ಹೆಸರನ್ನೂ ಊರಿನ ಸಮೇತ ಹಾಕುತ್ತಿದ್ದರು. ಅವರದ್ದೊಂದು ಲಿಂಕ್ ಇದ್ದರೆ ಅದನ್ನೂ. ಮೊದಲಿಗೆ ಒಬ್ಬ, ಯಾವುದೋ ಇಯರ್‌ಫೋನ್ ಮಾರುವ ಕಂಪನಿಯವನು, ವಿವರಣೆಯ ಒಂದು ಸಾಲಿಗೆ ಪೂರ್ಣವಿರಾಮ ಇಟ್ಟು ಕಳಿಸಿದ. ಜೊತೆಗೆ ತನ್ನ ಅಂಗಡಿಯ ಲಿಂಕ್. ಪಾಪ, ಅಷ್ಟು ದೂರದಿಂದ ನೋಡಿ ತಿದ್ದಿದಾನೆ ಅಂತ ಸೇರಿಸಿದರು.

ಆಮೇಲೆ ಕೇಳಬೇಕೇ? ಇಲ್ಲಿ ಕೇಳಿದರೆ ಹಾಕುತ್ತಾರೆ ಅನ್ನುವ ಸುದ್ದಿ ಹೇಗೆ ಹಬ್ಬಿತೋ. ಕೂದಲು ಬೆಳೆಸುವ ಎಣ್ಣೆಯವರು, ಸಾಲ ಕೊಡುವವರು, ಟ್ಯೂಷನ್ನಿನವರು. ಒಬ್ಬ ಒಂದು ಸಾಲಿನ ಖಾಲಿ ಜಾಗ ಅಳಿಸಿ ತನ್ನ ಕಂಪನಿಯ ಚಿತ್ರ ಅಂಟಿಸುತ್ತಿದ್ದ. ಇನ್ನೊಬ್ಬ 'ಉಪಯುಕ್ತ ಸಾಧನಗಳು' ಅಂತ ಹೊಸ ವಿಭಾಗವನ್ನೇ ಮಾಡಿ ಅದರಲ್ಲಿ ತನ್ನದೊಂದನ್ನೇ ಇಡುತ್ತಿದ್ದ. ಎಲ್ಲರ ಮೊದಲ ಸಾಲೂ ಒಂದೇ. ನಿಮ್ಮ ಅದ್ಭುತ ಯೋಜನೆಯನ್ನು ನಾವು ಮನಸಾರೆ ಮೆಚ್ಚಿದೆವು.

"ಕೇಳಿದಾನಾ ಇವ್ನು ಓದಕ್ಕನ್ನ ಒಂದಿನನಾರು?" ಅನ್ನುತ್ತಿದ್ದರು ಕುಮುದಕ್ಕ. "ಕನ್ನಡನೇ ಬರಲ್ಲ ಇವಕ್ಕೆ. ಮನುಷ್ಯರೇ ಅಲ್ಲ ಕಣೇ ಇವು, ಯಂತ್ರದ ಕೈಲಿ ಬರೆಸಿ ಬಿಡ್ತಾರೆ. ನೀ ಎಂತ ಬರ್ದೆ ಅದಕ್ಕೆ, ಓದು."

ನಾನು ಬರೆದದ್ದನ್ನು ಕನ್ನಡ ಮಾಡಿ ಹೇಳಿದೆ: ತಾವು ನಮ್ಮ ಮೇಲಿಟ್ಟ ವಿಶ್ವಾಸಕ್ಕೆ ಕೃತಜ್ಞತೆಗಳು. ಆದರೂ ಸದ್ಯಕ್ಕೆ ತಮ್ಮ ಕೊಡುಗೆಯನ್ನು ಸ್ವೀಕರಿಸಲಾಗದ್ದಕ್ಕೆ ತುಂಬ ವಿಷಾದಿಸುತ್ತೇವೆ.

"ಸದ್ಯಕ್ಕೆ ಅಂತ ಎಂತಕ್ಕೆ ಹಾಕಿದೆ?"

"ಬೇಜಾರಾಗ್ಬಾರ್ದಲ್ಲ ಅಕ್ಕ ಅವ್ರಿಗೆ."

"ನಿಮ್ಮ ಕಾನ್ವೆಂಟಿನ ಬೇಡ ಅಂದ್ರೆ, ಒಳಗೆ ಬಂದು ಕೂತ್ಕಳಿ ಅಂದಂಗೇ ಕೇಳ್ತದೆ ಮಾರಾಯ್ತಿ."

ನಕ್ಕೆವು. ಆದರೆ ಅವರ ಮಾತು ನಿಜವಾಯಿತು. ಸ್ವಲ್ಪ ದಿನಕ್ಕೇ ಅವನೇ ಮತ್ತೆ ಬರೆದ: ಆಗ ಸದ್ಯಕ್ಕೆ ಬೇಡ ಅಂದಿದ್ದಿರಿ, ಈಗ ಹೇಗೆ? ನಮಗೆ ಪತ್ರ ಬರೆಯಲು ಕಲಿಸಿದ ಸಿಸ್ಟರ್, ನಿರಾಕರಿಸುವಾಗಲೂ ಎದುರಿನವರ ಮುಖ ಕೆಡಬಾರದು ಅನ್ನುತ್ತಿದ್ದರು. ಮುಖವೇ ಇಲ್ಲದವರಿಗೆ ಹೇಗೆ ಬರೆಯಬೇಕು ಅಂತ ಅವರು ಹೇಳಿಕೊಟ್ಟಿರಲಿಲ್ಲ.

ಈ ರಾಶಿಯ ಕೆಳಗೆ ನಿಜವಾದವರೂ ಹೂತುಹೋಗುತ್ತಿದ್ದರು. ಬೀದರಿನ ಕಡೆಯ ಒಬ್ಬ ಮೇಷ್ಟ್ರು ಅಂಕಿಗಳನ್ನು ಸರಿಯಾಗಿ ಓದಿಸುವ ತಿದ್ದುಪಡಿ ಕಳಿಸಿ, ಎಷ್ಟೋ ದಿನ ಕಾದು, "ನನ್ನದು ನೋಡಲು ಪುರಸೊತ್ತಾಯಿತೆ?" ಅಂತ ಸಂಕೋಚದಿಂದ ಕೇಳಿದ್ದರು. ಅದು ಸಿಕ್ಕಿದ್ದೂ ಅಕಸ್ಮಾತ್ತಾಗಿಯೇ.

ಎಳ್ಳಮಾವಾಸ್ಯೆಯ ಆಸುಪಾಸಿನಲ್ಲಿ ಒಂದು ಒಳ್ಳೆಯದು ಬಂತು. ಇಂಗ್ಲಿಷಿನಲ್ಲಿ ಬರೆದರೂ ಕನ್ನಡದವನೇ ಅನ್ನಿಸಿತು. ಒತ್ತಕ್ಷರದ ತೊದಲು ನಿಲ್ಲಿಸಲು ತಾನು ಹೊಸದಾಗಿ ಧ್ವನಿಯ ತುಣುಕುಗಳನ್ನು ಮಾಡಿದ್ದೇನೆ ಅಂದಿದ್ದ. ಹೊಗಳಿಕೆ ಇಲ್ಲ, ಲಿಂಕ್ ಇಲ್ಲ. ಕುಮುದಕ್ಕ ಕೇಳಿದ ಪ್ರಶ್ನೆಗೆಲ್ಲ ಉತ್ತರ ಕೊಟ್ಟ, ಹೇಳಿದ ಕಡೆ ತಿದ್ದಿದ. ಕೋಡನ್ನು ನಾನು ಒಂದೊಂದೇ ಸಾಲು ಓದಿ ಹೇಳುವುದು, ಅವರು ಕಣ್ಣು ಮುಚ್ಚಿ, ಬೆರಳಿನಿಂದ ಮೊಣಕಾಲಿನ ಮೇಲೆ ಲೆಕ್ಕ ಹಾಕಿದಂತೆ ಮಾಡುತ್ತ ಕೇಳುವುದು. ಆ ದಿನಗಳಲ್ಲಿ ಅವರ ಮುಖಕ್ಕೆ ಬಣ್ಣ ಬಂದಿತ್ತು. "ಹುಡುಗ ಚುರುಕಿದಾನೆ. ಒಬ್ಬನಾರೂ ಸಿಕ್ಕಿದ್ನಲ್ಲೇ" ಅನ್ನುತ್ತಿದ್ದರು. ಪಟ್ಟಿಯಲ್ಲಿ ಅವನ ಹೆಸರನ್ನು ರೇಣುಕಳ ಹೆಸರಿನ ಕೆಳಗೇ ಹಾಕಿಸಿದರು.

ಹೊಸದೇನಾದರೂ ಸೇರಿಸಿದರೆ ಮೊದಲು ಕೇಳುವವಳು ಯಾವಾಗಲೂ ರೇಣುಕ. ಒಂದು ಇಡೀ ಪಾಠ ಹಾಕಿಕೊಂಡು, ಹೊಲಿಗೆ ಮಿಷನ್ನಿನ ಮುಂದೆ ಕೂತ ಅಮ್ಮನ ಪಕ್ಕ ಗೋಡೆಗೊರಗಿ, ಮೊದಲಿಂದ ಕಡೆಯವರೆಗೂ ಕೇಳಿ ಫೋನ್ ಮಾಡುತ್ತಿದ್ದಳು. "ಅಕ್ಕಾ, ಇದು ನೆಗಡಿ ಆದವ್ರಂಗೆ ಓದ್ತದೆ ನೋಡಿ, ಮೂಗು ಸೀಟಿಸಿ ಕಳ್ಸಿ" ಅಂತ. ಆ ಸಲ ಅವಳ ಪರೀಕ್ಷೆ ಹತ್ತಿರವಿತ್ತು. "ಹುಡುಗಿ ಓದಿಕೊಳ್ಳಲಿ, ತೊಂದರೆ ಕೊಡೋದು ಬೇಡ" ಅಂದರು ಕುಮುದಕ್ಕ. ನಾವಿಬ್ಬರೇ ಪರೀಕ್ಷೆ ಮಾಡಿದೆವು. ನಾನು ಬರೆದುಕೊಟ್ಟ ಒಂದೆಲಗದ ತಂಬುಳಿ ಮಾಡುವ ವಿಧಾನವೇ ನಮ್ಮ ಪರೀಕ್ಷೆಯ ಪಠ್ಯ, ಅರ್ಧ ಪುಟದ್ದು. ಓದಕ್ಕ ಎಲ್ಲೂ ತೊದಲದೆ, ಒಗ್ಗರಣೆಯವರೆಗೂ ಹೂವಿನ ಹಾಗೆ ಓದಿದಳು. ಕುಮುದಕ್ಕ ಕಣ್ಣು ಒರೆಸಿಕೊಂಡರು. ಕಣ್ಣಿನ ಹನಿ ಹಾಕಿದ ಹೊತ್ತೂ ಹೌದು, ಅದಕ್ಕೇ ಇರಬಹುದು ಅಂದುಕೊಂಡೆ.

ತೀರ್ಥಹಳ್ಳಿಯ ಆ ಬೆಳಗ್ಗೆ ಕುಮುದಕ್ಕ ಕಪ್ಪಂಚಿನ ಹಸಿರು ಸೀರೆ ಉಟ್ಟಿದ್ದರು. ತುಂಗೆಯ ಸೇತುವೆ ದಾಟುವಾಗ, ನೀರು ಇದೆಯೇನೇ ಅಂತ ಕೇಳಿದರು. ಇದೆ ಅಂದೆ. ಕೇಂದ್ರದ ದೊಡ್ಡ ಕೋಣೆಯಲ್ಲಿ ಮಕ್ಕಳು ಚಾಪೆಯ ಮೇಲೆ ಸಾಲಾಗಿ ಕೂತಿದ್ದರು. ರೇಣುಕ ಜಡೆಗೆ ಅಬ್ಬಲಿಗೆ ಹೂ ಮುಡಿದು, ನಮ್ಮ ಹೆಜ್ಜೆ ಸಪ್ಪಳಕ್ಕೇ ಎದ್ದು ಬಂದು ಕುಮುದಕ್ಕನ ಕೈ ಹಿಡಿದುಕೊಂಡಳು. ಆ ಕ್ಷಣ ಇಬ್ಬರಲ್ಲಿ ಯಾರು ಯಾರನ್ನು ನಡೆಸಿಕೊಂಡು ಹೋಗುತ್ತಿದ್ದಾರೆ ಅಂತ ಹೇಳುವುದು ಕಷ್ಟವಿತ್ತು.

"ಉದ್ದದ್ದೇ ಹಾಕಣ ಸಾರ್," ಅಂದಳು ರೇಣುಕ ಮೇಲ್ವಿಚಾರಕರಿಗೆ, ಹೆಮ್ಮೆಯಿಂದ. "ಇತಿಹಾಸದ ಪಾಠ. ಅದ್ರಲ್ಲಿ ಇಲ್ಲದ ಒತ್ತಕ್ಷರ ಇಲ್ಲ."

ಓದಕ್ಕ ಓದಿದಳು. ಸಾಮ್ರಾಜ್ಯ, ದುರ್ಗ, ಯುದ್ಧ, ಎಲ್ಲೂ ತಡವರಿಸಲಿಲ್ಲ. ಮಕ್ಕಳು ಪಿಸುಗುಡುವುದನ್ನೂ ಬಿಟ್ಟರು. ಪಾಠದ ಕೊನೆಯಲ್ಲಿ ಮುದಿ ಅರಸ ಸೋತು, ಕಾಡಿನ ದಾರಿಯಲ್ಲಿ ಒಬ್ಬನೇ ಪ್ರಾಣ ಬಿಡುತ್ತಾನೆ. ಅದನ್ನು ಓದಿ ದನಿ ನಿಂತಿತು. ಮೇಲ್ವಿಚಾರಕರು ತಲೆಯಾಡಿಸಿ ಏನೋ ಹೇಳಲು ಬಾಯಿ ತೆರೆದರು.

ಆಗ ಬೇರೊಂದು ದನಿ ಬಂತು. ನಗುನಗುತ್ತ ಮಾತಾಡುವ ಹೆಂಗಸಿನ ದನಿ. "ಈ ಪಾಠವನ್ನು ನಿಮಗೆ ತಲುಪಿಸಿದವರು..." ಅಂತ ಶುರುವಾಗಿ ಒಂದು ಕೋಚಿಂಗ್ ಕಂಪನಿಯ ಹೆಸರು ಹೇಳಿ, "ಇಂದೇ ಸೇರಿ, ಮೊದಲ ತಿಂಗಳು ಉಚಿತ!"

ಚಾಪೆಯ ಮೂಲೆಯಿಂದ ಒಬ್ಬಳು, "ರಾಜ ಸತ್ತ ತಕ್ಷಣ ಅಡ್ಮಿಷನ್ ಶುರುವಾತಲ್ಲೇ" ಅಂದಳು. ಇಡೀ ಕೋಣೆ ನಕ್ಕಿತು.

ರೇಣುಕ ನಗಲಿಲ್ಲ. ಅವಳ ಬೆರಳು ಕೀಲಿಮಣೆಯ ಮೇಲೆ ಹಾಗೇ ಇತ್ತು.

ಮೇಲ್ವಿಚಾರಕರು ಕೆಟ್ಟವರಲ್ಲ. ಮೆತ್ತಗೆ ಹೇಳಿದರು. "ಪರ್ವಾಗಿಲ್ಲ ಮೇಡಂ. ನಿಮ್ಗೂ ಖರ್ಚು ಇರ್ತದೆ, ಜಾಹೀರಾತು ತಗೊಂಡ್ರೆ ತಪ್ಪೇನಲ್ಲ. ಮೊದ್ಲೇ ಒಂದ್ಮಾತು ಹೇಳಿದ್ರೆ ಆಗಿತ್ತು. ಮಕ್ಕಳ ಪಾಠದೊಳಗೆ ಹಿಂಗೆ ಬಂದ್ರೆ ನಾವು ಹಾಕಕ್ಕೆ ಬರಲ್ಲ."

ನಾನೇ ಏನೋ ವಿವರಿಸಲು ಹೋದೆ. ಹೊರಗಿನವರು ತಿದ್ದುಪಡಿ ಕಳಿಸುತ್ತಾರೆ, ಅದರ ಜೊತೆ ಬಂದದ್ದು, ನಮಗೆ ಗೊತ್ತಿಲ್ಲ. ಹೇಳುತ್ತ ಹೇಳುತ್ತ ನನಗೇ ಅದು ಸುಳ್ಳಿನ ಹಾಗೆ ಕೇಳಿಸಿತು. ಗೊತ್ತಿಲ್ಲದೆ ನಿಮ್ಮ ಮನೆಯೊಳಗೆ ಯಾರೋ ಬಂದು ಹೇಗೆ ಮಾತಾಡುತ್ತಾರೆ ಅಂತ ಅವರು ಕೇಳಲಿಲ್ಲ, ಅಷ್ಟೇ.

ಹೊರಗೆ ರಸ್ತೆಯ ಹತ್ತಿರ ರೇಣುಕ ನಿಂತಳು. ಕೋಲಿನ ತುದಿಯಿಂದ ಮಣ್ಣು ಕೆದಕುತ್ತ, "ಅಕ್ಕಾ, ನಿಮ್ಗೆ ಗೊತ್ತಿರ್ಲಿಲ್ಲ ಅಲ್ದಾ?" ಅಂದಳು.

ಕುಮುದಕ್ಕ ಅವಳ ಕಡೆ ತಿರುಗಿದರು. "ನೀನೂ ಕೇಳ್ತೀಯಲ್ಲೇ, ರೇಣು."

ನಮ್ಮ ಬಸ್ಸು ಬಂತು.

ಆಮೇಲೆ ಹುಡುಕಿದಾಗ ಸಿಕ್ಕಿತು. ಆ ಹುಡುಗ ಕಳಿಸಿದ ಧ್ವನಿಯ ತುಣುಕುಗಳ ನಡುವೆ ಅದೂ ಒಂದು ತುಣುಕಾಗಿ ಕೂತಿತ್ತು. ಪಾಠ ಉದ್ದವಿದ್ದರೆ ಮಾತ್ರ ಕೊನೆಯಲ್ಲಿ ಅದನ್ನು ನುಡಿಸುವಂತೆ ಎರಡು ಸಾಲಿನ ಕೋಡು, ಬೇರೇನೋ ಕೆಲಸದ ಹೆಸರಿನಲ್ಲಿ. ಅರ್ಧ ಪುಟದ ತಂಬುಳಿಗೆ ಅದು ಬಾಯಿ ಬಿಡುವಂತೆಯೇ ಇರಲಿಲ್ಲ. ರೇಣುಕ ಎಂದಿನಂತೆ ಇಡೀ ಪಾಠ ಕೇಳಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಆ ಎರಡು ಸಾಲನ್ನು ಗಟ್ಟಿಯಾಗಿ ಓದಿ ಹೇಳಿದವಳು ನಾನೇ, ಕೇಳಿ ತಲೆಯಾಡಿಸಿದವರು ಅವರೇ.

ಅವನಿಗೆ ಬರೆದೆ. ಉತ್ತರ ಕೂಡಲೇ ಬಂತು, ಬಲು ವಿನಯದ್ದು. ನಿಮ್ಮ ತೊದಲು ನಾವು ಸರಿ ಮಾಡಿಕೊಟ್ಟೆವಲ್ಲ ಮೇಡಂ, ಬದಲಿಗೆ ಒಂದೇ ಒಂದು ವಾಕ್ಯ, ಅದೂ ಕೊನೆಯಲ್ಲಿ. ನಿಮ್ಮದು ತೆರೆದ ಯೋಜನೆ ಅಲ್ಲವೆ?

ಕುಮುದಕ್ಕ ಅದನ್ನು ಇನ್ನೊಮ್ಮೆ ಓದು ಅಂದರು. ಓದಿದೆ.

"ಅವನು ಮುಟ್ಟಿದ್ದು ಒಂದಕ್ಷರ ಇರಬಾರ್ದು. ತೆಗಿ."

"ಅಕ್ಕ, ಆ ಒಂದು ವಾಕ್ಯ ತೆಗೆದ್ರೆ ಸಾಕಲ್ದಾ? ಒತ್ತಕ್ಷರ ಚಂದ ಓದ್ತಿತ್ತು."

"ತೆಗಿ ಅಂದ್ನಲ್ಲ."

ತೆಗೆದೆವು. ಓದಕ್ಕ ಮತ್ತೆ ತೊದಲಲು ಶುರುಮಾಡಿದಳು. ಆಮೇಲೆ ಹೆಸರಿನ ಪಟ್ಟಿ. ಒಂದೊಂದಾಗಿ ಓದು, ಯಾರು ನಿಜ ಯಾರು ಸುಳ್ಳು ಹೇಳ್ತೀನಿ ಅಂದರು. ಬೀದರ್ ಕಡೆಯ ಮೇಷ್ಟ್ರ ಹೆಸರು ಬಂತು. "ಅವ್ರು ಒಳ್ಳೆಯವ್ರು" ಅಂದವರು, "ಒಳ್ಳೆಯವ್ರೇ ಅಂತ ನಂಗೆ ಹೆಂಗೆ ಗೊತ್ತು?" ಅಂದರು. ಮುಂದಿನ ಹೆಸರಿಗೂ ಅದೇ. ಕೊನೆಗೆ ಕೈ ಎತ್ತಿಬಿಟ್ಟರು. "ಎಲ್ಲಾ ತೆಗಿ. ಹೊರಗಿಂದ ಇನ್ನು ಏನೂ ತಗಣಲ್ಲ ಅಂತ ಬರ್ದು ಹಾಕು. ಸದ್ಯಕ್ಕೆ ಅಂತ ಹಾಕ್ಬೇಡ."

ರೇಣುಕಳ ಹೆಸರೊಂದು ಉಳಿದಿತ್ತು. ಅದನ್ನು ಏನು ಮಾಡಲಿ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಒಂದೇ ಹೆಸರಿನ ಆಮಂತ್ರಣ ಹೇಗೆ ಕಾಣುತ್ತದೆ ಅಂತ ಆವತ್ತು ನೋಡಿದೆ.

ಆ ಬೇಸಿಗೆಯಲ್ಲಿ ಲಿಂಗನಮಕ್ಕಿಯ ಹಿನ್ನೀರು ತುಂಬ ಕೆಳಗಿಳಿಯಿತು. ಯಾವಾಗಲೋ ಮುಳುಗಿದ ಮರಗಳ ಬೊಡ್ಡೆಗಳು ಕಪ್ಪಗೆ ಎದ್ದು ನಿಂತಿದ್ದವು. ಕುಮುದಕ್ಕನಿಗೆ ಅಷ್ಟರಲ್ಲಿ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಮೇಲ್ಮನೆಯ ಮೆಟ್ಟಿಲು ಇಳಿಸಿ ಸಾಗರಕ್ಕೆ ಕರೆತಂದೆವು. ಸಾಮಾನು ಕಟ್ಟಿದ ದಿನ ನಾನೇ ಕಷಾಯದ ಪುಡಿಗೆ ಹುರಿದೆ, ಗಡಿಬಿಡಿಯಲ್ಲಿ ಸೀಯಿಸಿದೆ. ಮೊದಲಿನ ಹಾಗಿದ್ದರೆ ಅವರು ಬಿಡುತ್ತಿರಲಿಲ್ಲ.

ಮೊನ್ನೆ ಗೃಹಪ್ರವೇಶದ ಊಟ ಮುಗಿಸಿ ರೇಣುಕಳ ಮನೆಗೆ ಹೋದೆ. ಪರೀಕ್ಷೆಯಲ್ಲಿ ಅವಳಿಗೆ ಆಗಲಿಲ್ಲ. ಈಗ ಅದೇ ಕೇಂದ್ರದಲ್ಲಿ ಮಕ್ಕಳಿಗೆ ಹೇಳಿಕೊಡುತ್ತಾಳೆ. ಅಲ್ಲಿ ಈಗ ಯಾವುದೋ ಪುಕ್ಕಟೆ ಆ್ಯಪು ಹಾಕಿದ್ದಾರಂತೆ.

"ಅದ್ರಲ್ಲಿ ಪಾಠದ ನಡುನಡುವೆನೇ ಜಾಹೀರಾತು ಬರ್ತದೆ. ಮಕ್ಳಿಗೆ ಬಾಯಿಪಾಠ ಆಗಿದೆ," ಅಂದಳು. "ಆದ್ರೆ ಅದು ಹೇಳೇ ಹಾಕ್ತದೆ ನೋಡಿ, ಯಾರಿಗೂ ಎಂತದೂ ಅನ್ಸಲ್ಲ." ಆಮೇಲೆ, "ಅಕ್ಕ ನನ್ನ ಕೇಳ್ತಾರಾ?"

ಕೇಳ್ತಾರೆ ಅಂದೆ. ಅಷ್ಟರಮಟ್ಟಿಗೆ ಅದು ನಿಜವೇ. ಫೋನು ಬಂದಾಗೆಲ್ಲ "ಯಾರು?" ಅಂತ ಕೇಳುತ್ತಾರೆ, ಅವಳಲ್ಲ ಅಂತ ಗೊತ್ತಾದರೆ ಮತ್ತೆ ಒರಗಿಕೊಳ್ಳುತ್ತಾರೆ.

ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಮಧ್ಯಾಹ್ನದ ಕೆಲಸ ಮುಗಿದ ಮೇಲೆ, ಕುಮುದಕ್ಕನಿಗೆ ಓದಕ್ಕನನ್ನು ಹಾಕಿಕೊಡುತ್ತೇನೆ. ತಾವು ಯಾರಿಗೋ ಅಂತ ಮಾಡಿದ್ದು ಈಗ ಅವರಿಗೇ ಬೇಕಾಗಿದೆ. ಪೇಪರು, ವಾರಪತ್ರಿಕೆಯ ಕತೆ, ಏನಾದರೂ. ಒತ್ತಕ್ಷರ ಬಂದಲ್ಲೆಲ್ಲ ಅದು ಎಡವುತ್ತದೆ. ಅವರು ತುಟಿಯಲ್ಲೇ ಆ ಶಬ್ದವನ್ನು ಪೂರ್ತಿ ಮಾಡಿಕೊಳ್ಳುತ್ತಾರೆ. ಓದಿದ್ದು ಮುಗಿದಾಗ ನಾನು ಮುಂದಿನದು ಹಾಕಲು ಕೈ ಚಾಚುತ್ತೇನೆ.

"ತಡಿ," ಅನ್ನುತ್ತಾರೆ.

ಕತ್ತು ಒಂಚೂರು ಓರೆ ಮಾಡಿ, ಲ್ಯಾಪ್‌ಟಾಪಿನ ಕಡೆ ಕಿವಿಯಿಟ್ಟು ಕೂತಿರುತ್ತಾರೆ. ಫ್ಯಾನಿನ ಸದ್ದು, ಹೊರಗೆ ಯಾರದ್ದೋ ಸ್ಕೂಟರು. ಇನ್ನೇನೂ ಇಲ್ಲ. ಆದರೂ ಕಾಯುತ್ತಾರೆ.

"ಇಲ್ಲ ಅಕ್ಕ, ಮುಗೀತು," ಅನ್ನುತ್ತೇನೆ ನಾನು.

"ಮುಗೀತು ಅಂತ ನಂಗೂ ಕೇಳ್ತದೆ," ಅನ್ನುತ್ತಾರೆ. "ಇನ್ನೊಂಚೂರು ತಡಿ."